ಅಂತರ್ಜಲ ಅಳೆಯಲು ಯಾವ ಬಾವಿ? ಕೊಡಗಿನ ತೋಟ, ಗದ್ದೆ, ಇಳಿಜಾರಿಗೆ ಒಂದು ಹೋಲಿಕೆ

ನೆಲದಡಿಯ ನೀರಿನ ಲೆಕ್ಕ ಇಡಬೇಕೆಂದು ಹೊರಟವರು ಬಹುಮಟ್ಟಿಗೆ ನಾಲ್ಕು ದಾರಿಗಳ ನಡುವೆ ಸಿಕ್ಕಿಕೊಳ್ಳುತ್ತಾರೆ. ಮನೆ ಹಿಂದಿನ ತೆರೆದ ಬಾವಿಯಲ್ಲೇ ಅಳೆದರೆ ಸಾಲದೇ? ನೀರು ಕಡಿಮೆಯಾಯಿತೆಂದು ಕೈಬಿಟ್ಟ ಬೋರ್‌ವೆಲ್ ಆಗದೇ? ಅಳತೆಗೆಂದೇ ಸಣ್ಣ ಪಿವಿಸಿ ಪೈಪಿನ ಬಾವಿ ಮಾಡಿಸಬೇಕೇ? ಗದ್ದೆ ಬದಿಯಲ್ಲಿ ಒಂದು ಪೈಪು ಹೊಡೆದು ಇಳಿಸಿದರೆ ನಡೆಯುತ್ತದೆಯೇ?

ನಾಲ್ಕೂ ಕೆಲಸಕ್ಕೆ ಬರುತ್ತವೆ, ನಾಲ್ಕರಲ್ಲೂ ನೀರು ಒಳಬರುವ ದಾರಿ ಕಟ್ಟಿಕೊಳ್ಳುತ್ತದೆ. ಆಯ್ಕೆಯ ಕಷ್ಟ ಇರುವುದು ಅಲ್ಲೇ. ಪಂಪ್ ಕೆಟ್ಟರೆ ನೀರು ಬರುವುದಿಲ್ಲ, ಕೂಡಲೇ ಗೊತ್ತಾಗುತ್ತದೆ. ಅಳತೆಯ ಬಾವಿ ಕಟ್ಟಿಕೊಂಡರೆ ಗೊತ್ತೇ ಆಗುವುದಿಲ್ಲ. ಪೈಪಿನೊಳಗೆ ಹಳೆಯ ನೀರು ನಿಂತೇ ಇರುತ್ತದೆ, ಟೇಪ್ ಇಳಿಸಿದರೆ ಒಂದು ಅಂಕಿ ಸಿಕ್ಕೇ ಸಿಗುತ್ತದೆ. ಹೊರಗೆ ನೆಲದ ನೀರು ಎರಡು ಮೀಟರ್ ಏರಿ ಇಳಿದಿದ್ದರೂ ಪುಸ್ತಕದಲ್ಲಿ ಅದೇ ಅಂಕಿ ಸಾಲಾಗಿ ಕೂತಿರುತ್ತದೆ. ಆದ್ದರಿಂದ ಯಾವ ಬಾವಿ ಒಳ್ಳೆಯದು ಎಂದು ನೋಡುವಾಗ, ಅದು ಕಟ್ಟಿಕೊಂಡಿದೆಯೇ ಎಂದು ನಾವೇ ಪರೀಕ್ಷಿಸಬಹುದೇ, ಕಟ್ಟಿಕೊಂಡರೆ ಬಿಡಿಸಬಹುದೇ ಎಂಬುದನ್ನು ಮೊದಲ ಸಾಲಿನಲ್ಲಿ ಇಟ್ಟುಕೊಳ್ಳಬೇಕು.

ಆಯ್ಕೆಗೆ ಮೊದಲು ಕೇಳಿಕೊಳ್ಳಬೇಕಾದದ್ದು

ಯಾವ ನೀರನ್ನು ಅಳೆಯಬೇಕು? ಕೊಡಗಿನ ಇಳಿಜಾರಿನಲ್ಲಿ ನೀರು ಒಂದೇ ಪದರದಲ್ಲಿ ಇರುವುದಿಲ್ಲ. ಮೇಲೆ ಮಣ್ಣು, ಕೆಲವೆಡೆ ಜಂಬಿಟ್ಟಿಗೆ. ಅದರ ಕೆಳಗೆ ಕೊಳೆತ ಕಲ್ಲಿನ ಪದರ. ಮುಷ್ಟಿಯಲ್ಲಿ ಹಿಸುಕಿದರೆ ಪುಡಿಯಾಗುತ್ತದೆ, ಬಿಸಿಲಿಗೆ ಹಿಡಿದರೆ ಅಭ್ರಕದ ಚೂರು ಮಿನುಗುತ್ತದೆ, ನಡುನಡುವೆ ಬಿಳಿ ಜೇಡಿ ಕಾಣುತ್ತದೆ. ಇನ್ನೂ ಕೆಳಗೆ ಗಟ್ಟಿ ಕಲ್ಲು ಮತ್ತು ಅದರ ಬಿರುಕುಗಳು. ತೆರೆದ ಬಾವಿ ಹೇಳುವುದು ಮೇಲಿನ ಪದರಗಳ ಕಥೆ, ಬೋರ್‌ವೆಲ್ ಹೇಳುವುದು ಬಿರುಕುಗಳ ಕಥೆ. ಒಂದೇ ತೋಟದಲ್ಲಿ ಎರಡರ ಮಟ್ಟ ಹಲವು ಮೀಟರ್ ಬೇರೆ ಇದ್ದರೆ ಯಾವುದೂ ಸುಳ್ಳಲ್ಲ.

ಎಷ್ಟು ಬೇಗ ತಿಳಿಯಬೇಕು? ಬೇಸಿಗೆಯಿಂದ ಬೇಸಿಗೆಗೆ ನೀರು ಇಳಿಯುತ್ತಿದೆಯೇ ಎಂದು ನೋಡಲು ಎರಡು ದಿನ ನಿಧಾನವಾದ ಬಾವಿಯೂ ಸಾಕು. ಮನೆ ಹಿಂದಿನ ಬರೆಯಲ್ಲಿ (ಕಡಿದಾದ ಮಣ್ಣಿನ ಇಳಿಜಾರಿನಲ್ಲಿ) ಒಂದು ರಾತ್ರಿಯ ಮಳೆಗೆ ನೀರು ಎಷ್ಟು ಏರಿತು ಎಂದು ನೋಡಲು ಅದೇ ಬಾವಿ ಪ್ರಯೋಜನವಿಲ್ಲ.

ಅಳತೆಗೆ ಅಡ್ಡಬರುವುದು ಏನೇನಿದೆ? ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಓಡುವಾಗ ಪಕ್ಕದ ಪಂಪು ಮಟ್ಟವನ್ನು ಎಳೆಯುತ್ತದೆ. ಜೂನ್‌ನಿಂದ ಮಳೆನೀರು ಪೈಪಿನ ಹೊರಮೈ ಹಿಡಿದು ನೇರ ಕೆಳಗಿಳಿದು ಸುಳ್ಳು ಏರಿಕೆ ತೋರಿಸುತ್ತದೆ. ಇವುಗಳ ಜೊತೆಗೆ ಹಣ, ಆಳು, ವರ್ಷಕ್ಕೆ ಎಷ್ಟು ದಿನ ನೋಡಿಕೊಳ್ಳಬಲ್ಲಿರಿ ಎಂಬುದು.

ಎರಡೂವರೆ ಲೀಟರ್ ನೀರಿನ ಪರೀಕ್ಷೆ

ಯಾವ ಬಾವಿ ಆರಿಸಿದರೂ ಈ ಪರೀಕ್ಷೆ ಬೇಕೇ ಬೇಕು, ಹಾಗಾಗಿ ಮೊದಲೇ ಹೇಳಿಬಿಡುತ್ತೇವೆ. 63 ಮಿ.ಮೀ. ಪಿವಿಸಿ ಪೈಪಿನ ಒಳವ್ಯಾಸ ಸುಮಾರು 57 ಮಿ.ಮೀ. ಅದರಲ್ಲಿ ಎರಡೂವರೆ ಲೀಟರ್ ನೀರು ಹೆಚ್ಚುಕಡಿಮೆ ಒಂದು ಮೀಟರ್ ಏರುತ್ತದೆ. ಮೊದಲು ನಿಂತ ಮಟ್ಟವನ್ನು ಅಳೆಯಿರಿ. ಶುದ್ಧ ನೀರನ್ನು ಒಮ್ಮೆಲೇ ಸುರಿದು ಅರ್ಧ, 1, 2, 5, 10, 20, 30, 60 ನಿಮಿಷಕ್ಕೆ, ಆಮೇಲೆ ಗಂಟೆಗೊಮ್ಮೆ ಮಟ್ಟ ಬರೆಯಿರಿ. ಏರಿದ ಒಂದು ಮೀಟರ್ 37 ಸೆಂ.ಮೀ.ಗೆ ಇಳಿಯಲು ಹಿಡಿದ ಸಮಯವೇ ಆ ಬಾವಿಯ ವಿಳಂಬ. ಹ್ವೋರ್ಸ್‌ಲೆವ್ ಎಂಬ ಎಂಜಿನಿಯರ್ 1951ರಲ್ಲಿ ವಿವರಿಸಿದ ಈ ಲೆಕ್ಕ ಇಂದಿಗೂ ಬಳಕೆಯಲ್ಲಿದೆ. ಆ ಸಮಯದ ಮೂರು ಪಟ್ಟು ಕಳೆದರೆ ಬಾವಿ ಹೊರಗಿನ ಬದಲಾವಣೆಯ ಶೇ. 95ರಷ್ಟನ್ನು ಹಿಡಿದಿರುತ್ತದೆ.

ಕೆಳಗೆ ಹೇಳಲಿರುವ ಅಳತೆಯ ಪಿವಿಸಿ ಬಾವಿಯನ್ನೇ ತೆಗೆದುಕೊಳ್ಳಿ. ಸುತ್ತಲಿನ ಕೊಳೆತ ಕಲ್ಲು ದಿನಕ್ಕೆ 8–9 ಮಿ.ಮೀ. ವೇಗದಲ್ಲಿ ನೀರು ಬಿಡುವಂಥದ್ದಾದರೆ ವಿಳಂಬ ಸುಮಾರು 1 ಗಂಟೆ 40 ನಿಮಿಷ ಬರುತ್ತದೆ. ನೀರು ಒಳಬರಲೆಂದು ಪೈಪಿನಲ್ಲಿ ಕೊಯ್ದ ಸೀಳುಗಳು ಕಟ್ಟಿಕೊಂಡು ನೀರಿನ ದಾರಿ ಹತ್ತು ಪಟ್ಟು ಬಿಗಿಯಾದರೆ ಅದೇ ವಿಳಂಬ 17 ಗಂಟೆ. ಶೇ. 95 ಮುಟ್ಟಲು 50 ಗಂಟೆ ಬೇಕು. ರಾತ್ರಿ ಸುರಿದ ಮಳೆಗೆ ಏರಿದ ನೀರು ಅಷ್ಟರಲ್ಲಿ ಕೊಲ್ಲಿಗೆ (ಕೆಳಗಿನ ತೊರೆಗೆ) ಇಳಿದುಹೋಗಿರುತ್ತದೆ, ಬಾವಿ ಅದನ್ನು ನೋಡಿಯೇ ಇರುವುದಿಲ್ಲ.

ಬಾವಿ ಹೊಸದಾಗಿದ್ದಾಗಲೇ ಈ ಸಮಯವನ್ನು ಬರೆದಿಡಬೇಕು. ಪ್ರತಿ ವರ್ಷ ಅದೇ ತಿಂಗಳಲ್ಲಿ, ಜನವರಿ ಅನುಕೂಲ, ಮತ್ತೆ ಮಾಡಿ ಹೋಲಿಸಬೇಕು. ವಿಳಂಬ ಎರಡು ಪಟ್ಟಾದರೆ ತೊಳೆಯುವ ಕಾಲ ಬಂತು. ಐದು ಪಟ್ಟಾದರೆ ಮಳೆಗಾಲದ ಅಂಕಿಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಆರೂವರೆ ಇಂಚಿನ ಬೋರ್‌ವೆಲ್‌ಗೆ ಒಂದು ಮೀಟರ್ ಏರಿಸಲು 21 ಲೀಟರ್ ನೀರು ಬೇಕು. ತೆರೆದ ಬಾವಿಗೆ ಸುರಿಯುವ ಬದಲು ಎತ್ತಬೇಕು.

ತೆರೆದ ಬಾವಿ

ಖರ್ಚಿಲ್ಲ, ಕಣ್ಣಿಗೆ ಕಾಣುತ್ತದೆ, ಪೂರ್ತಿ ಮುಚ್ಚಿಹೋಗುವುದು ಅಪರೂಪ. ಎಷ್ಟೋ ಮನೆಗಳಲ್ಲಿ ಅಜ್ಜನ ಕಾಲದ ಬಾವಿಯ ಬೇಸಿಗೆ ಮಟ್ಟ ಯಾವ ಕಲ್ಲಿನವರೆಗೆ ಇಳಿಯುತ್ತಿತ್ತು ಎಂಬ ನೆನಪು ಇರುತ್ತದೆ. ಹೊಸ ಬಾವಿ ಎಷ್ಟೇ ಚೆನ್ನಾಗಿದ್ದರೂ ಆ ನೆನಪನ್ನು ಕೊಡಲಾರದು.

ಇದರ ದೋಷ ಹೊಟ್ಟೆ ದೊಡ್ಡದಾಗಿರುವುದು. 1.2 ಮೀಟರ್ ವ್ಯಾಸದ ರಿಂಗ್ ಬಾವಿಯ ಬಾಯಿ 63 ಮಿ.ಮೀ. ಪೈಪಿಗಿಂತ ನಾನೂರು ಪಟ್ಟಿಗೂ ಹೆಚ್ಚು ಅಗಲ. ಮಟ್ಟ 30 ಸೆಂ.ಮೀ. ಏರಲು 340 ಲೀಟರ್ ನೀರು ಒಳಬರಬೇಕು. ಜೇಡಿ ನೆಲದಲ್ಲಿ ಅದು ನಿಧಾನ. ಇನ್ನೊಂದು ವಿಷಯ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ರಿಂಗುಗಳ ಸಂದುಗಳಿಗೆ ಸಿಮೆಂಟ್ ಮೆತ್ತಿದ್ದರೆ ನೀರು ಬರುವುದು ತಳದಿಂದ ಮಾತ್ರ. ತಳದಲ್ಲಿ ಒಂದಡಿ ಜೇಡಿ ಹೂಳು ಕೂತರೆ ಬಾವಿ ಕಟ್ಟಿಕೊಂಡಂತೆಯೇ. ಮೇಲಿಂದ ನೋಡಿದರೆ ನೀರು ತಿಳಿಯಾಗಿ, ತುಂಬಿಕೊಂಡು, ಚೆನ್ನಾಗಿಯೇ ಕಾಣುತ್ತದೆ.

ಪರೀಕ್ಷೆಗೆ ಸಣ್ಣ ಪಂಪಿನಿಂದ 30 ಸೆಂ.ಮೀ. ಇಳಿಸಿ ಅದರಲ್ಲಿ 19 ಸೆಂ.ಮೀ. ಮರಳಿ ಏರಲು ಎಷ್ಟು ಹೊತ್ತು ಹಿಡಿಯಿತು ನೋಡಿ (ಉಳಿದ 11 ಸೆಂ.ಮೀ. ಮೂವತ್ತರ ಶೇ. 37). ಹೂಳು ತೆಗೆಯುವ ಮೊದಲು ಒಮ್ಮೆ, ತೆಗೆದ ಮೇಲೆ ಒಮ್ಮೆ ಹೀಗೆ ಮಾಡಿದರೆ ಹೂಳು ಎಷ್ಟು ತಡೆದಿತ್ತು ಎಂಬುದು ನಿಮಿಷಗಳಲ್ಲೇ ಕೈಗೆ ಸಿಗುತ್ತದೆ. ಹೂಳೆತ್ತಿದ ಮೇಲೆ ತಳಕ್ಕೆ ಅರ್ಧ ಅಡಿ ತೊಳೆದ ಜಲ್ಲಿ ಹಾಸಿ. ಬಾವಿಗೆ ಆಳನ್ನು ಇಳಿಸುವ ಮುನ್ನ ಗಾಳಿಯ ವಿಷಯದಲ್ಲಿ ಎಚ್ಚರ ಇರಲಿ: ಬಳಸದೆ ಮುಚ್ಚಿಟ್ಟ ಬಾವಿಯಲ್ಲಿ ಉಸಿರುಗಟ್ಟುವ ಗಾಳಿ ನಿಂತಿರಬಹುದು. ಮುಚ್ಚಳ ತೆರೆದು ಗಾಳಿಯಾಡಿಸದೆ, ಸೊಂಟಕ್ಕೆ ಹಗ್ಗ ಕಟ್ಟದೆ ಯಾರೂ ಇಳಿಯಬಾರದು. ಇಂಧನದ ಪಂಪನ್ನು ಬಾವಿಯ ಒಳಗೆ ಓಡಿಸಲೇಬಾರದು.

ಮನೆಬಳಕೆಗೆ ನೀರೆತ್ತುವ ಬಾವಿಯಾದರೆ ಬೆಳಿಗ್ಗೆ ಮೊದಲ ಕೊಡ ಎತ್ತುವ ಮುನ್ನವೇ ಅಳೆಯಬೇಕು.

ಬಿಟ್ಟ ಬೋರ್‌ವೆಲ್

ಕೊರೆದ ಹಣ ಈಗಾಗಲೇ ಹೋಗಿದೆ, ತೂತು ಇದೆ, ಬಳಸಿದರೆ ಲಾಭವೇ. ಬೋರ್‌ವೆಲ್ ನೀರನ್ನೇ ನಂಬಿದ ತೋಟಕ್ಕೆ, ಪಕ್ಕದ ಬೋರ್‌ವೆಲ್ ತನ್ನದನ್ನು ಎಳೆಯುತ್ತಿದೆಯೇ ಎಂದು ತಿಳಿಯಬೇಕಾದವರಿಗೆ ಇದಕ್ಕಿಂತ ಸರಿಯಾದ ಬಾವಿ ಇಲ್ಲ.

ಆದರೆ ಇದು ಹಲವು ಬಾಯಿಗಳ ಮಾತನ್ನು ಒಂದಾಗಿಸಿ ಹೇಳುವ ಬಾವಿ. ಕೇಸಿಂಗ್ ಗಟ್ಟಿ ಕಲ್ಲು ಸಿಗುವವರೆಗೆ ಮಾತ್ರ. ಅಲ್ಲಿಂದ ಕೆಳಗೆ ಬರಿಯ ತೂತು. 40 ಮೀಟರಿನಲ್ಲಿ ಒಂದು ಬಿರುಕು, 90ರಲ್ಲಿ ಇನ್ನೊಂದು ಇದ್ದರೆ ಟೇಪಿಗೆ ಸಿಗುವುದು ಎರಡರ ಬೆರಕೆ ಮಟ್ಟ. ಇಳಿಜಾರಿನಲ್ಲಿ ಮೇಲಿನ ಬಿರುಕಿನ ನೀರು ಬೋರಿನ ಮೂಲಕವೇ ಕೆಳಗಿನ ಬಿರುಕಿಗೆ ಸೋರಿಹೋಗುತ್ತಿರಲೂಬಹುದು. ಮಣ್ಣಿನ ಪದರದ ನೀರನ್ನು ತಿಳಿಯಲು ಇದನ್ನು ಬಳಸಬೇಡಿ.

ಇಲ್ಲಿ ಕಟ್ಟಿಕೊಳ್ಳುವುದು ಎರಡು ಬಗೆ. ಕೊರೆಯುವಾಗ ಎದ್ದ ಕಲ್ಲುಹಿಟ್ಟು ಸಣ್ಣ ಬಿರುಕುಗಳ ಬಾಯಿಗೆ ಮೆತ್ತಿಕೊಂಡು ಒಣಗುವುದು ಒಂದು. ಕಂಪ್ರೆಸರ್‌ನಿಂದ ಚೆನ್ನಾಗಿ ಫ್ಲಶ್ ಮಾಡಿಸಿದರೆ ಅದು ಬಿಡುತ್ತದೆ. ಕೇಸಿಂಗ್ ಕಲ್ಲಿಗೆ ಸರಿಯಾಗಿ ಕೂರದೆ ಅದರ ಬುಡದಿಂದ ಮಣ್ಣು ಜಾರಿ ತೂತನ್ನೇ ತುಂಬುವುದು ಇನ್ನೊಂದು. ಇದು ಬಿಡುವುದು ಕಷ್ಟ, ಬಿಡಿಸಿದರೂ ಮುಂದಿನ ಮಳೆಗಾಲದಲ್ಲಿ ಮತ್ತೆ ಜಾರುತ್ತದೆ. ಕೊರೆದಾಗಿನ ಆಳ ಗೊತ್ತಿದ್ದರೆ ತೂಕ ಕಟ್ಟಿದ ದಾರ ಇಳಿಸಿ ಈಗಿನ ಆಳ ನೋಡಿ. ನಡುವೆಲ್ಲೋ ನಿಂತರೆ ಆ ಬೋರನ್ನು ಅಳತೆಗೆ ಆರಿಸಬೇಡಿ.

ಜುಲೈಯಲ್ಲಿ, ಎರಡು ದಿನ ಸತತ ಮಳೆಯಾದ ಮೇಲೆ, ಬೋರಿನ ಮುಚ್ಚಳ ತೆಗೆದು ಬಾಯಿಗೆ ಕಿವಿಗೊಡಿ. ಒಳಗೆ ಟಪಟಪ ಹನಿಯುವ ಅಥವಾ ಸುರಿಯುವ ಸದ್ದು ಕೇಳಿದರೆ ಕೇಸಿಂಗ್‌ನ ಜೋಡಣೆಯಲ್ಲೋ ಬುಡದಲ್ಲೋ ಮೇಲಿನ ನೀರು ಒಳಬರುತ್ತಿದೆ. ಅಂಥ ಬೋರಿನ ಮಳೆಗಾಲದ ಮಟ್ಟ ಕಲ್ಲಿನ ಬಿರುಕಿನದ್ದಲ್ಲ. ಬೇಸಿಗೆ ಅಂಕಿಯನ್ನಷ್ಟೇ ಇಟ್ಟುಕೊಳ್ಳಿ.

ಪಂಪು ಇಳಿಸಿರುವ ಬೋರಿನಲ್ಲಿ ಅಳೆಯಬೇಕಾದರೆ ಟೇಪು ಕೇಬಲ್ಲಿಗೆ ಸುತ್ತಿಕೊಂಡು ಸಿಕ್ಕಿಬೀಳುತ್ತದೆ. ಮುಂದಿನ ಸಲ ಪಂಪು ಎತ್ತಿದಾಗ ಡೆಲಿವರಿ ಪೈಪಿನ ಜೊತೆಗೆ ಒಂದಿಂಚಿನ ಪಿವಿಸಿ ಪೈಪನ್ನೂ ಕಟ್ಟಿ ಇಳಿಸಿ. ಅದರ ಕೆಳಗಿನ ಎರಡು ಮೀಟರಿಗೆ 5 ಮಿ.ಮೀ. ತೂತುಗಳಿರಲಿ, ತುದಿ ಪಂಪಿಗಿಂತ ಸ್ವಲ್ಪ ಮೇಲೆ ನಿಲ್ಲಲಿ.

ಬಾಯಿ ತೆರೆದಿಟ್ಟ ಬೋರ್‌ವೆಲ್ ಮಕ್ಕಳ ಜೀವಕ್ಕೆ ಅಪಾಯ. ಸುಪ್ರೀಂ ಕೋರ್ಟ್ 2010ರಲ್ಲಿ ಕೊಟ್ಟ ನಿರ್ದೇಶನದಂತೆ ಕೇಸಿಂಗ್ ಸುತ್ತ 0.50 × 0.50 × 0.60 ಮೀಟರಿನ ಕಾಂಕ್ರೀಟ್ ಕಟ್ಟೆ (ನೆಲದ ಮೇಲೆ 0.30, ಕೆಳಗೆ 0.30) ಮತ್ತು ಬೋಲ್ಟ್ ಹಾಕಿದ ಗಟ್ಟಿ ಮುಚ್ಚಳ ಬೇಕು. ಅಳತೆಗೆ ಮುಚ್ಚಳದ ನಡುವೆ ಒಂದಿಂಚಿನ ತಿರುಪು ಬಿರಡೆ ಸಾಕು, ಇಡೀ ಮುಚ್ಚಳ ತೆಗೆಯಬೇಕಿಲ್ಲ.

ಅಳತೆಗೆಂದೇ ಮಾಡಿದ ಪಿವಿಸಿ ಬಾವಿ

ಪಿಯೆಜೋಮೀಟರ್ ಎಂದು ಇಲಾಖೆಗಳಲ್ಲಿ ಕರೆಯುವುದು ಇದನ್ನೇ. ಚೆನ್ನಾಗಿ ಮಾಡಿದರೆ ನಾಲ್ಕರಲ್ಲಿ ಅತ್ಯಂತ ನಂಬಿಕಸ್ಥ. ಅವಸರದಲ್ಲಿ ಮಾಡಿದರೆ ನಾಲ್ಕರಲ್ಲಿ ಅತ್ಯಂತ ಬೇಗ ಕಟ್ಟಿಕೊಳ್ಳುವುದೂ ಇದೇ. ಹೆಚ್ಚಿನ ಬಾವಿಗಳು ಮೊದಲ ದಿನವೇ ಅರ್ಧ ಕಟ್ಟಿಕೊಂಡಿರುತ್ತವೆ. ಆಗರ್ (ಮಣ್ಣು ಕೊರೆಯುವ ತಿರುಪು ಸಲಾಕೆ) ತಿರುಗುವಾಗ ಜೇಡಿಯನ್ನು ತೂತಿನ ಗೋಡೆಗೆ ಸಾರಿಸಿಬಿಡುತ್ತದೆ, ನೆಲಕ್ಕೆ ಸಗಣಿ ಸಾರಿಸಿದ ಹಾಗೆ. ಅದನ್ನು ಕೆರೆದು ತೊಳೆಯದೆ ಪೈಪು ಇಳಿಸಿದರೆ ನೀರಿಗೆ ದಾರಿಯೇ ಇರುವುದಿಲ್ಲ.

ಕೊರೆಯುವುದು ಫೆಬ್ರವರಿಯಿಂದ ಏಪ್ರಿಲ್ ನಡುವೆ ಇರಲಿ. ಗೋಡೆ ಕುಸಿಯುವುದಿಲ್ಲ, ಬೇಸಿಗೆಯ ತಳಮಟ್ಟವೂ ಗೊತ್ತಾಗುತ್ತದೆ. ತೂತು 150 ಮಿ.ಮೀ. ಬೇಕು. 100 ಮಿ.ಮೀ. ತೂತಿನಲ್ಲಿ 63 ಮಿ.ಮೀ. ಪೈಪು ಇಟ್ಟರೆ ಸುತ್ತ ಎರಡು ಸೆಂ.ಮೀ. ಸಂದೂ ಉಳಿಯುವುದಿಲ್ಲ. ಮರಳು ನಡುವೆ ಸಿಕ್ಕಿಕೊಂಡು ಟೊಳ್ಳಾಗುತ್ತದೆ.

ಸೀಳು ಪೈಪಿನ ಉದ್ದ ಒಂದೂವರೆ ಮೀಟರ್ ಸಾಕು. ಅದು ಬೇಸಿಗೆಯ ಕಡಿಮೆ ಮಟ್ಟಕ್ಕಿಂತ ಕೆಳಗೇ ಇರಬೇಕು, ಮತ್ತು ಇದಕ್ಕೆ ಕಾರಣ ನೀರು ಸಿಗುವುದಷ್ಟೇ ಅಲ್ಲ. ನಮ್ಮ ಮಣ್ಣಿನ ನೀರಿನಲ್ಲಿ ಕಬ್ಬಿಣ ಕರಗಿರುತ್ತದೆ. ಗಾಳಿ ತಾಗಿದಲ್ಲಿ ಅದು ತುಕ್ಕಾಗಿ ಕೂರುತ್ತದೆ. ಸೀಳುಗಳು ಒಮ್ಮೆ ನೀರಿಗೆ, ಒಮ್ಮೆ ಗಾಳಿಗೆ ಒಡ್ಡಿಕೊಂಡರೆ ವರ್ಷಗಳಲ್ಲಿ ಕಿತ್ತಳೆ ಬಣ್ಣದ ಲೋಳೆ ಅವನ್ನು ಮುಚ್ಚುತ್ತದೆ. ಸದಾ ನೀರಿನಡಿ ಇದ್ದರೆ ಅದು ತೀರ ನಿಧಾನ.

ಸೀಳು ಹಾಕುವುದು ಹ್ಯಾಕ್ಸಾ ಬ್ಲೇಡಿನಿಂದಲೇ ಆಗುತ್ತದೆ. 40 ಮಿ.ಮೀ. ಉದ್ದ, ಒಂದು ಮಿ.ಮೀ. ಅಗಲ, ಮೂರು ಸಾಲು, ಸೆಂಟಿಮೀಟರಿಗೊಂದು. ಮೀಟರಿಗೆ 300 ಸೀಳುಗಳಾದರೆ ಪೈಪಿನ ಮೈಯ ಶೇ. 6ರಷ್ಟು ತೆರೆದಿರುತ್ತದೆ. ಕೊಯ್ದ ಅಂಚಿನ ಸಿಬಿರನ್ನು ಒಳಗೂ ಹೊರಗೂ ಉಜ್ಜು ಕಾಗದದಿಂದ ತೆಗೆಯಬೇಕು. ಅಭ್ರಕದ ಚಪ್ಪಟೆ ಚೂರುಗಳು ಮೊದಲು ಸಿಕ್ಕಿಕೊಳ್ಳುವುದು ಆ ಸಿಬಿರಿಗೇ. ಪೈಪಿಗೆ ಸೊಳ್ಳೆ ಪರದೆಯನ್ನೋ ಶೇಡ್ ನೆಟ್ಟನ್ನೋ ಸುತ್ತುವ ರೂಢಿ ಇದೆ. ದಯವಿಟ್ಟು ಸುತ್ತಬೇಡಿ. ಜೇಡಿ ನೆಲದಲ್ಲಿ ಆ ಬಲೆಯೇ ಮೊದಲು ಮುಚ್ಚಿಹೋಗುತ್ತದೆ, ಹೊರಗಿರುವುದರಿಂದ ಮತ್ತೆ ಅದನ್ನು ತೊಳೆಯಲು ದಾರಿಯಿಲ್ಲ. ಸೋಸುವ ಕೆಲಸ ಮರಳಿನದ್ದು.

ಮರಳು ಒಂದೂವರೆಯಿಂದ ಮೂರು ಮಿ.ಮೀ. ಕಾಳಿನದ್ದು, ನೀರು ತಿಳಿಯಾಗುವವರೆಗೆ ತೊಳೆದದ್ದು. ಎಂ-ಸ್ಯಾಂಡ್ ಆದರೆ ಇನ್ನೂ ಎರಡು ಸಲ ಹೆಚ್ಚು ತೊಳೆಯಿರಿ, ಅದರ ಹಿಟ್ಟೇ ಸೀಳು ಮುಚ್ಚಲು ಸಾಕು. ಜಂಬಿಟ್ಟಿಗೆ ನುಚ್ಚು ಬೇಡ. 150 ಮಿ.ಮೀ. ತೂತಿನಲ್ಲಿ ಪೈಪಿನ ಸುತ್ತ ಮೀಟರಿಗೆ 14–15 ಲೀಟರ್ ಹಿಡಿಯುತ್ತದೆ. ಪೈಪಿನ ಕೆಳಗೆ 30 ಸೆಂ.ಮೀ., ಸೀಳಿನ ಉದ್ದಕ್ಕೆ, ಅದರ ಮೇಲೆ ಅರ್ಧ ಮೀಟರ್, ಒಟ್ಟು 2.3 ಮೀಟರಿಗೆ 34 ಲೀಟರ್. ತೂತು ಎಲ್ಲೂ ಅಳತೆಗೆ ಸರಿಯಾಗಿ ಇರುವುದಿಲ್ಲ, 45 ಲೀಟರ್ ಸಿದ್ಧವಿಟ್ಟುಕೊಳ್ಳಿ. ಲೆಕ್ಕಕ್ಕಿಂತ ತೀರ ಕಡಿಮೆ ಹಿಡಿದರೆ ನಡುವೆ ಸಿಕ್ಕಿಕೊಂಡಿದೆ ಎಂದರ್ಥ, ಪೈಪನ್ನು ಮೆಲ್ಲಗೆ ತಟ್ಟಿ ಇಳಿಸಿ.

ಅದರ ಮೇಲೆ ಒಂದು ಮೀಟರ್ ಬೆಂಟೊನೈಟ್, ಅಂದರೆ ನೀರು ತಾಗಿದರೆ ಉಬ್ಬಿ ಸಂದು ಮುಚ್ಚುವ ಜೇಡಿ. ಅರ್ಥಿಂಗ್ ಗುಂಡಿಗೆ ಹಾಕಲೆಂದು ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಸಿಗುವ 25 ಕೆ.ಜಿ. ಚೀಲ ಒಂದು ಸಾಕು. ಆದರೆ ಉಪ್ಪು, ಇದ್ದಿಲು ಬೆರೆತ ಮಿಶ್ರಣ ಬೇಡ, ಬರಿಯ ಬೆಂಟೊನೈಟ್ ಕೇಳಿ. ಗಟ್ಟಿಯಾಗಿ ಕಲಸಿ ನಿಂಬೆಕಾಯಿಗಿಂತ ಸಣ್ಣ ಉಂಡೆ ಕಟ್ಟಿ, ನೆರಳಿನಲ್ಲಿ ಅರ್ಧ ದಿನ ಆರಿಸಿ, ಒಂದೊಂದಾಗಿ ಬಿಡಬೇಕು. ಒಟ್ಟಿಗೆ ಸುರಿದರೆ ಮೇಲೆಯೇ ಸೇತುವೆ ಕಟ್ಟುತ್ತದೆ. ಕಕ್ಕಡದ (ಜುಲೈ–ಆಗಸ್ಟ್) ಮಳೆ ಪೈಪಿನ ಮೈ ಹಿಡಿದು ಇಳಿಯದಂತೆ ತಡೆಯುವುದು ಈ ಒಂದು ಮೀಟರೇ. ಇಲ್ಲಿ ಉಳಿತಾಯ ಮಾಡಬಾರದು. ಉಳಿದದ್ದನ್ನು ಜೇಡಿಮಣ್ಣಿನಿಂದ ತುಂಬಿ, ಮೇಲೆ ಹೊರಕ್ಕೆ ಇಳಿಜಾರಾದ ಎರಡಡಿ ಚೌಕದ ಕಾಂಕ್ರೀಟ್ ಹಾಕಿ. ಪೈಪು ಅರ್ಧ ಮೀಟರ್ ಮೇಲೆ ನಿಲ್ಲಲಿ, ಮುಚ್ಚಳದಲ್ಲಿ 3 ಮಿ.ಮೀ. ಗಾಳಿತೂತು ಇರಲಿ. ಆನೆ ಓಡಾಡುವ ತೋಟವಾದರೆ ಪೈಪನ್ನು ನೆಲಮಟ್ಟಕ್ಕೆ ಕತ್ತರಿಸಿ, ನೀರು ನಿಲ್ಲದಂತೆ ಬಸಿಗಾಲುವೆ ಇಟ್ಟ ಸಣ್ಣ ಕಾಂಕ್ರೀಟ್ ಪೆಟ್ಟಿಗೆಯೊಳಗೆ ಮುಚ್ಚುವುದೇ ಕ್ಷೇಮ. ಸಿಲ್ವರ್ ಓಕ್ ಬುಡದಿಂದ ದೂರವಿರಲಿ, ಬೇರು ಸೀಳಿಗೆ ನುಗ್ಗಿದರೆ ಅದನ್ನು ತೆಗೆಯಲಾಗುವುದಿಲ್ಲ.

ಕೊನೆಯ ಕೆಲಸ ತೊಳೆಯುವುದು. ಅರ್ಧ ಇಂಚಿನ ಪೈಪಿನ ತುದಿಗೆ ಟಯರ್ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಬಿಲ್ಲೆಗಳನ್ನು ವಾಷರ್ ನಡುವೆ ಬಿಗಿದು, ಸೀಳು ಇರುವ ಭಾಗಕ್ಕಿಂತ ಸ್ವಲ್ಪ ಮೇಲೆ ನಿಲ್ಲಿಸಿ ಎರಡಡಿ ಎತ್ತಿ ಇಳಿಸುತ್ತಿರಬೇಕು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಹತ್ತು ನಿಮಿಷ ಎಳೆದಾಡಿ, ಕೆಸರು ನೀರನ್ನು ಎತ್ತಿ ಚೆಲ್ಲಿ, ಮತ್ತೆ ಎಳೆದಾಡಿ. ನೀರು ತಿಳಿಯಾದದ್ದನ್ನೇ ನಂಬಬೇಡಿ. ಎರಡೂವರೆ ಲೀಟರಿನ ಪರೀಕ್ಷೆಯನ್ನು ಎರಡು ಸಲ ಮಾಡಿ, ವಿಳಂಬ ಎರಡು ಸಲವೂ ಒಂದೇ ಬಂದರೆ ಮಾತ್ರ ನಿಲ್ಲಿಸಿ.

ಗದ್ದೆಗೆ ಹೊಡೆದ ಪೈಪು

ಒಂದೂಕಾಲು ಇಂಚಿನ ಜಿಐ ಪೈಪಿಗೆ ಚೂಪು ತುದಿ, ಮೇಲೆ ತೂತುಗಳು, ಸುತ್ತಿಗೆಯಿಂದ ಎರಡು ಮೂರು ಮೀಟರ್ ಇಳಿಸಿದರೆ ಬೆಳಗಿನ ಹೊತ್ತಿನಲ್ಲೇ ಕೆಲಸ ಮುಗಿಯುತ್ತದೆ. ಅಗ್ಗ. ಪೈಪು ಸಣ್ಣದಾದಷ್ಟೂ ಮಟ್ಟ ಬದಲಾಗಲು ಬೇಕಾದ ನೀರು ಕಡಿಮೆ, ಹಾಗಾಗಿ ಬೇಗ ಸ್ಪಂದಿಸಬೇಕು. ಆದರೆ ಹೊಡೆಯುವಾಗಲೇ ತೂತುಗಳಿಗೆ ಕಪ್ಪು ಜೇಡಿ ತುಂಬಿಕೊಳ್ಳುತ್ತದೆ, ಸುತ್ತ ಮರಳಿಲ್ಲ, ಮೇಲೆ ಬೆಂಟೊನೈಟ್ ಇಲ್ಲ. ಕಬ್ಬಿಣದ ತುಕ್ಕೂ ಸೇರುತ್ತದೆ. ಗದ್ದೆಯ ನೀರಿನ ಮೇಲೆ ಎಣ್ಣೆಯಂತೆ ಬಣ್ಣಬಣ್ಣದ ಪೊರೆ ಕಂಡರೆ ಕಡ್ಡಿಯಿಂದ ಕದಡಿ ನೋಡಿ. ಗಾಜಿನ ಚೂರಿನಂತೆ ಒಡೆದು ಹಾಗೇ ಉಳಿದರೆ ಅದು ಕಬ್ಬಿಣದ್ದು. ಮತ್ತೆ ಕೂಡಿಕೊಂಡರೆ ಎಣ್ಣೆ. ಮೊದಲನೆಯದಾದರೆ ಅಲ್ಲಿ ಹೊಡೆದ ಪೈಪು ಒಂದೆರಡು ಮಳೆಗಾಲಕ್ಕಿಂತ ಹೆಚ್ಚು ಬಾಳುತ್ತದೆಂದು ಎಣಿಸಬೇಡಿ. ಒಂದು ಬೆಳೆಯ ಮಟ್ಟಿಗೆ ಗದ್ದೆಯ ಬಸಿಯುವಿಕೆ ನೋಡಲು ಸಾಕು, ವರ್ಷಗಳ ದಾಖಲೆಗೆ ಅಲ್ಲ.

ಟೇಪೋ, ಸೆನ್ಸರೋ

ಬಾವಿ ಆರಿಸಿದ ಮೇಲೆ ಬರುವ ಪ್ರಶ್ನೆ ಇದು. ಬೀಪ್ ಮಾಡುವ ಟೇಪಿಗೆ ಕೆಲವು ಸಾವಿರ, ಗಂಟೆಗೊಮ್ಮೆ ತಾನೇ ಬರೆದುಕೊಳ್ಳುವ ಸೆನ್ಸರಿಗೆ ಹತ್ತಾರು ಸಾವಿರ ರೂಪಾಯಿ. ಕೊಡಗಿನ ಮೃದು ನೀರಿನಲ್ಲಿ ಲವಣ ಕಡಿಮೆ ಇರುವುದರಿಂದ ಕೆಲವು ಟೇಪುಗಳು ನೀರು ಮುಟ್ಟಿದರೂ ಕೂಗುವುದಿಲ್ಲ. ಸೂಕ್ಷ್ಮತೆ ಹೆಚ್ಚಿಸುವ ತಿರುಗುಗುಂಡಿ ಇರುವುದನ್ನೇ ಕೊಳ್ಳಿ. ಮಳೆಗಾಲದಲ್ಲಿ ಪೈಪಿನ ಗೋಡೆಯ ಹನಿಗೆ ಸುಳ್ಳು ಕೂಗುತ್ತದೆ, ಹಾಗಾಗಿ ಎರಡು ಸಲ ಇಳಿಸಿ, ಎರಡೂ ಒಂದು ಸೆಂ.ಮೀ. ಒಳಗೆ ಬಂದರೆ ಬರೆಯಿರಿ.

ಗಾಳಿಯ ಒತ್ತಡವನ್ನೂ ಸೇರಿಸಿ ಅಳೆಯುವ ಸೆನ್ಸರ್ ಆದರೆ ಹತ್ತಿರದಲ್ಲೇ ಒಂದು ವಾಯುಭಾರ ಮಾಪಕ ಬೇಕು. ಗಾಳಿಯ ಒತ್ತಡದಲ್ಲಿ ಒಂದು ಹೆಕ್ಟೋಪ್ಯಾಸ್ಕಲ್ ವ್ಯತ್ಯಾಸ ಒಂದು ಸೆಂ.ಮೀ. ನೀರಿಗೆ ಸಮ. ಮಡಿಕೇರಿ ಕುಶಾಲನಗರಕ್ಕಿಂತ 300 ಮೀಟರಿಗೂ ಎತ್ತರ. ಕುಶಾಲನಗರದ ವಾಯುಭಾರವನ್ನು ಮಡಿಕೇರಿಯ ಬಾವಿಗೆ ಹಾಗೇ ಕಳೆದರೆ ಮಟ್ಟ 30 ಸೆಂ.ಮೀ.ಗೂ ಹೆಚ್ಚು ತಪ್ಪುತ್ತದೆ. ಗಾಳಿಕೊಳವೆ ಇರುವ ಸೆನ್ಸರಿಗೆ ಮಾಪಕ ಬೇಡ, ಆದರೆ ಅದರ ತೇವ ಹೀರುವ ಸಿಲಿಕಾ ಹರಳು ನಮ್ಮ ಮಳೆಗಾಲದಲ್ಲಿ ಬೇಗ ಸೋಲುತ್ತದೆ. ತಿಂಗಳಿಗೊಮ್ಮೆ ನೋಡಿ.

ಸೆನ್ಸರ್ ಹಾಕಿದರೆ ಬಾವಿಯ ದೋಷ ಹೋಗುವುದಿಲ್ಲ. ಕಟ್ಟಿಕೊಂಡ ಬಾವಿಗೆ ಸೆನ್ಸರ್ ಇಳಿಸಿದರೆ ತಿಂಗಳಿಗೊಂದು ತಪ್ಪು ಅಂಕಿಯ ಬದಲು ಗಂಟೆಗೊಂದು ಸಿಗುತ್ತದೆ. ಕೈಯಲ್ಲಿ ಹಣ ಇಷ್ಟೇ ಎಂದಾದರೆ ಅದನ್ನು ಬೆಂಟೊನೈಟ್, ಮರಳು, ತೊಳೆಯುವ ಕೂಲಿಗೆ ಹಾಕಿ, ಟೇಪಿನಲ್ಲಿ ಅಳೆಯಿರಿ.

ಯಾರಿಗೆ ಯಾವುದು

ಪೂರ್ವದಲ್ಲಿ ಕುಶಾಲನಗರದ ಕಡೆ ಮಳೆ ಕಡಿಮೆ, ಬೋರ್‌ವೆಲ್ ನೀರೇ ಆಧಾರ ಎನ್ನುವ ತೋಟಕ್ಕೆ ಬಿಟ್ಟ ಬೋರ್‌ವೆಲ್ ಒಂದು, ಟೇಪು ಒಂದು ಸಾಕು. ಕೇಂದ್ರ ಅಂತರ್ಜಲ ಮಂಡಳಿ ವರ್ಷಕ್ಕೆ ನಾಲ್ಕು ಸಲ, ಜನವರಿ, ಮುಂಗಾರಿಗೆ ಮುನ್ನ, ಆಗಸ್ಟ್, ನವೆಂಬರ್‌ನಲ್ಲಿ ಅಳೆಯುತ್ತದೆ. ನೀವೂ ಆ ತಿಂಗಳುಗಳನ್ನು ತಪ್ಪಿಸದಿದ್ದರೆ ಹೋಲಿಕೆಗೆ ಬರುತ್ತದೆ. ಸ್ಪ್ರಿಂಕ್ಲರ್ ಓಡುವ ದಿನಗಳಲ್ಲಿ ವಾರಕ್ಕೊಮ್ಮೆ, ಪಂಪು ಹಾಕುವ ಮುನ್ನ ಅಳೆಯಿರಿ.

ಭಾಗಮಂಡಲ, ನಾಪೋಕ್ಲು ಕಡೆಯ ಮಳೆನಾಡಿನಲ್ಲಿ ಮನೆಯ ಬಾವಿ ಮಾರ್ಚಿನಲ್ಲಿ ಯಾಕೆ ಇಳಿಯುತ್ತಿದೆ ಎಂದು ನೋಡಬೇಕಾದವರು ಆ ಬಾವಿಯನ್ನೇ ಹೂಳೆತ್ತಿ ಬಳಸಲಿ. ಜೊತೆಗೆ ಬಾವಿಯ ಮೇಲ್ಬದಿ ಬಾಣೆಯಲ್ಲಿ (ಗದ್ದೆಯ ಮೇಲಿನ ಮರಗಳಿರುವ ಏರುನೆಲದಲ್ಲಿ) ಒಂದು ಪಿವಿಸಿ ಬಾವಿ ಇದ್ದರೆ ನೀರು ಎಲ್ಲಿಂದ ಕಡಿಮೆಯಾಗುತ್ತಿದೆ ಎಂಬುದೂ ತಿಳಿಯುತ್ತದೆ.

2018ರ ಆಗಸ್ಟ್ ತಿಂಗಳ ಭೂಕುಸಿತಗಳು ಆದಮೇಲೆ ಬರೆಯ ಕೆಳಗಿನ ಮನೆಗಳವರು ಕೇಳುವ ಪ್ರಶ್ನೆ ಬೇರೆ. ಅಲ್ಲಿ ಬೇಕಾದದ್ದು ವೇಗ. ಒಳವ್ಯಾಸ 25 ಮಿ.ಮೀ. ಪೈಪು ಬಳಸಿದರೆ 57 ಮಿ.ಮೀ. ಪೈಪಿಗಿಂತ ಐದು ಪಟ್ಟು ಬೇಗ ಸ್ಪಂದಿಸುತ್ತದೆ, ಆದರೆ ಅದರೊಳಗೆ ರಬ್ಬರ್ ಬಿಲ್ಲೆ ಆಡಿಸಿ ತೊಳೆಯುವುದು ಕಷ್ಟ. ಸೀಳು ಅರ್ಧ ಮೀಟರಿಗೆ ಸೀಮಿತವಾಗಿರಲಿ. ಉದ್ದ ಸೀಳು ಹಲವು ಪದರಗಳ ಒತ್ತಡವನ್ನು ಬೆರೆಸುತ್ತದೆ. ಎಷ್ಟು ಆಳಕ್ಕೆ ಇಡಬೇಕೆಂಬುದನ್ನು ಭೂವಿಜ್ಞಾನಿಯೇ ನಿರ್ಧರಿಸಬೇಕು. ಇದನ್ನು ಎಚ್ಚರಿಕೆಯ ಗಂಟೆ ಎಂದು ಯಾರೂ ನಂಬಿ ಮಲಗಬೇಡಿ. ನೆಲದಲ್ಲಿ ಹೊಸ ಬಿರುಕು, ಇಲ್ಲದ ಜಾಗದಲ್ಲಿ ಒರತೆ, ತಿಳಿಯಾಗಿದ್ದ ಒರತೆ ಕೆಂಪಾಗುವುದು, ಮರ ವಾಲುವುದು, ಇವುಗಳಲ್ಲಿ ಒಂದು ಕಂಡರೂ ಅಳತೆ ನೋಡುತ್ತಾ ನಿಲ್ಲದೆ ಮನೆ ಬಿಟ್ಟು ಹೊರಡಿ.

ಕಟ್ಟಿಕೊಂಡ ಮೇಲೆ

ಮಳೆಗಾಲದ ಏರಿಕೆ ಚಪ್ಪಟೆಯಾಗಿ, ತಡವಾಗಿ ಬರುತ್ತಿದ್ದರೆ, ಪಕ್ಕದ ಬಾವಿ ಏರಿದರೂ ಇದು ಅಲುಗಾಡದಿದ್ದರೆ ಕಟ್ಟಿಕೊಂಡಿದೆ. ಮಳೆ ಶುರುವಾದ ಅರ್ಧ ಗಂಟೆಗೇ ಜಿಗಿದರೆ ತೊಂದರೆ ಬೇರೆ, ಮೇಲಿನಿಂದ ಸೋರುತ್ತಿದೆ. ಒಣಗಿದ ದಿನ ಕಾಂಕ್ರೀಟ್ ಸುತ್ತ 20 ಲೀಟರ್ ಸುರಿದು ಒಳಗಿನ ಮಟ್ಟ ನೋಡಿದರೆ ಖಚಿತವಾಗುತ್ತದೆ.

ತೊಳೆಯುವಾಗ ಮೊದಲು ತಳದ ಆಳ ಅಳೆದು ಕೆಸರು ಎತ್ತಿ, ರಬ್ಬರ್ ಬಿಲ್ಲೆಯಿಂದ ಎಳೆದಾಡಿ. ಜೇಡಿ ಮಾತ್ರವಾದರೆ ಇಷ್ಟಕ್ಕೇ ಬಿಡುತ್ತದೆ. ಬಿಲ್ಲೆಗೆ ಕಿತ್ತಳೆ ಲೋಳೆ ಅಂಟಿಬಂದರೆ ಬ್ಲೀಚಿಂಗ್ ಪೌಡರ್ ಬೇಕು. ಆರು ಮೀಟರ್ ನೀರಿರುವ 63 ಮಿ.ಮೀ. ಪೈಪಿನಲ್ಲಿ 15 ಲೀಟರ್ ನೀರಿದೆ, ಸುತ್ತಲಿನ ಮರಳಿನದ್ದೂ ಸೇರಿ 30 ಲೀಟರ್ ಎಂದಿಟ್ಟುಕೊಂಡರೆ 50 ಗ್ರಾಂ ಹೊಸ ಪುಡಿ ಸಾಕು. ಬಕೆಟ್ಟಿನಲ್ಲಿ ಕರಗಿಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ಸುರಿಯಿರಿ. ಗಷ್ಟನ್ನೂ ಸುರಿದರೆ ಆ ಸುಣ್ಣವೇ ಸೀಳಿಗೆ ಕೂರುತ್ತದೆ. ಒಂದು ದಿನ ಬಿಟ್ಟು ಎಳೆದಾಡಿ, ನೀರನ್ನೆಲ್ಲ ಎತ್ತಿ, ತೋಡಿಗೆ ಅಥವಾ ಮೀನಿರುವ ಕೆರೆಗೆ ಹರಿಯದಂತೆ ಚೆಲ್ಲಿ. ಗಟ್ಟಿ ತುಕ್ಕು ಇನ್ನೂ ಉಳಿದಿದ್ದರೆ ಲೀಟರಿಗೆ 20 ಗ್ರಾಂ ಸಿಟ್ರಿಕ್ ಆಮ್ಲದ ದ್ರಾವಣ ಬಳಸಬಹುದು. ಆದರೆ ಬ್ಲೀಚಿಂಗ್ ವಾಸನೆ ಪೂರ್ತಿ ಹೋಗುವವರೆಗೆ ತೊಳೆದು, ಕೆಲವು ದಿನ ಬಿಟ್ಟ ಮೇಲೆ ಮಾತ್ರ. ಎರಡೂ ಸೇರಿದರೆ ಕ್ಲೋರಿನ್ ವಿಷಗಾಳಿ ಏಳುತ್ತದೆ.

ಇಷ್ಟಾದರೂ ವಿಳಂಬ ಹಳೆಯ ಅಂಕಿಗೆ ಮರಳದಿದ್ದರೆ ಎರಡು ಮೂರು ಮೀಟರ್ ದೂರದಲ್ಲಿ ಹೊಸದು ಮಾಡಿ. ಹಳೆಯದನ್ನು ಕೂಡಲೇ ಮುಚ್ಚಬೇಡಿ. ಒಂದು ಮಳೆಗಾಲ ಪೂರ್ತಿ ಎರಡನ್ನೂ ಅದೇ ದಿನ, ಅದೇ ಹೊತ್ತು ಅಳೆದು ಅಕ್ಕಪಕ್ಕ ಬರೆದರೆ ಹಿಂದಿನ ವರ್ಷಗಳ ಅಂಕಿಗಳಲ್ಲಿ ಯಾವುದನ್ನು ಉಳಿಸಿಕೊಳ್ಳಬಹುದು ಎಂಬುದು ಕಾಣುತ್ತದೆ. ಆಮೇಲೆ ಹಳೆಯ ಪೈಪಿಗೆ ತಳದಿಂದ ಮೇಲಿನವರೆಗೆ ಬೆಂಟೊನೈಟ್ ತುಂಬಿ, ಮೇಲಿನ ಅರ್ಧ ಮೀಟರಿಗೆ ಸಿಮೆಂಟ್ ಹಾಕಿ, ಪುಸ್ತಕದಲ್ಲಿ ಮುಚ್ಚಿದ ದಿನಾಂಕ ಬರೆದಿಡಿ.